ನಮ್ಮ ಬಚ್ಚಲಿಗೆ ಹಾಕಿದ ವಿಮಾನದ ಬಾಗಿಲು

ನೀವು ಎಂದಾದರೂ ಸನತ್‌ನಗರದ ನಮ್ಮ ಮನೆಗೆ ಬಂದು, ಚಹಾ ಕುಡಿದು, ಸ್ವಲ್ಪ ಹೊತ್ತಾದ ಮೇಲೆ ಸಂಕೋಚದಿಂದ ಆ ಕಡೆ ಈ ಕಡೆ ನೋಡತೊಡಗಿದರೆ, ನಮ್ಮ ಅವ್ವ ತಾನೇ ಅರ್ಥ ಮಾಡಿಕೊಂಡು ಹಿತ್ತಲ ಕಡೆ ಕೈ ತೋರಿಸುತ್ತಾಳೆ. ಅಲ್ಲಿ ಬಚ್ಚಲಿದೆ. ಅದರ ಬಾಗಿಲು ನಿಮ್ಮ ಎದೆಯವರೆಗೆ ಮಾತ್ರ ಬರುತ್ತದೆ. ನಾಲ್ಕೂ ಮೂಲೆ ದುಂಡಗೆ. ನಡುವೆ ಅಂಗೈಯಗಲದ ಒಂದು ಗಾಜು. ಮರ್ಯಾದೆಯ ಪ್ರಶ್ನೆಯಾದ್ದರಿಂದ ಅದಕ್ಕೆ ಒಳಗಿನಿಂದ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದೇವೆ. ಗಾಜಿನ ಕೆಳಗೆ ಕೆಂಪು ಬಣ್ಣದಲ್ಲಿ ಮೂರು ಸಾಲು. ಮೊದಲನೆಯದು ಇಂಗ್ಲಿಷು, ಎರಡನೆಯದು ಹಿಂದಿ. ಮೂರನೆಯದು ಕನ್ನಡ: ‘ಹೋಗಿ ಬರ್ರಿ’.

ಬಚ್ಚಲಿಗೆ ಇದಕ್ಕಿಂತ ಒಪ್ಪುವ ಮಾತು ಇನ್ನೊಂದಿಲ್ಲ ಎಂದು ಬಂದವರೆಲ್ಲ ನಗುತ್ತಾರೆ. ಬಾಗಿ, ಹೊಸ್ತಿಲು ದಾಟಿ, ಹೋಗಿ ಬರುತ್ತಾರೆ. ಎತ್ತರದವರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಣೆ ಬಡಿಸಿಕೊಳ್ಳುತ್ತಾರೆ. ನಮ್ಮ ಸೋದರಮಾವನಂತೂ ಎರಡು ದಿನ ಇರಲೆಂದು ಬಂದವನು ಒಂದೇ ದಿನಕ್ಕೆ ಊರಿಗೆ ಹೊರಟುಬಿಟ್ಟ. ಆದರೆ ಆ ಬರಹ ಬಚ್ಚಲಿಗೆಂದು ಬರೆದದ್ದಲ್ಲ. ಅದು ಒಂದು ವಿಮಾನದ ತುರ್ತು ಬಾಗಿಲು. ಬರೆದವನು ನಮ್ಮಪ್ಪ.

ಅಪ್ಪನ ಹೆಸರು ಶರಣಪ್ಪ. ಕುಷ್ಟಗಿ ಕಡೆಯಿಂದ ಬಂದವನು. ಯುದ್ಧವಿಮಾನ ಮಾಡುವ ಕಾರ್ಖಾನೆಯಲ್ಲಿ ಪೇಂಟರ್ ಆಗಿದ್ದ. ಯಾವ ಕಾರ್ಖಾನೆ ಎಂದು ಮಾತ್ರ ಕೇಳಬೇಡಿ. ಸೇರುವ ದಿನ ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿದ್ದಾನಂತೆ, ಎಂಬತ್ತೆರಡಾದರೂ ಹೆಸರು ಹೇಳುವುದಿಲ್ಲ. ಆಗೆಲ್ಲ ಬಸ್ಸಿನ ಕಂಡಕ್ಟರ್ ಅದೇ ಹೆಸರನ್ನು ಸ್ಟಾಪು ಬಂತೆಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅಪ್ಪ ತನಗೂ ಅದಕ್ಕೂ ಸಂಬಂಧವೇ ಇಲ್ಲದವನ ಹಾಗೆ ಕಿಟಕಿಯ ಹೊರಗೆ ನೋಡುತ್ತ ಕೂತು, ಮುಂದಿನ ಸ್ಟಾಪಿನಲ್ಲಿ ಇಳಿದು, ಹಿಂದಕ್ಕೆ ನಡೆದು ಕೆಲಸಕ್ಕೆ ಹೋಗುತ್ತಿದ್ದ. ಇಪ್ಪತ್ತೆಂಟು ವರ್ಷ ಹೀಗೆ ನಡೆದ.

ಅವನ ಕೆಲಸ ವಿಮಾನದ ಮೈಮೇಲೆ ಅಕ್ಷರ ಬರೆಯುವುದು. ‘ಇಲ್ಲಿ ಕಾಲಿಡಬೇಡ’, ‘ಇಲ್ಲಿ ಎತ್ತು’, ‘ಮುಟ್ಟಬೇಡ’. ಯುದ್ಧವಿಮಾನ ಯಾರಿಗೂ ಬಹುವಚನ ಕೊಡುವುದಿಲ್ಲ. ಇಡೀ ದಿನ ಹೀಗೆ ಗದರಿಸಿ ಬರೆದು ಬಂದವನಿಗೆ ಮನೆಯಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ. ನಮ್ಮ ಜೋಳದ ಡಬ್ಬಿಯ ಮೇಲೆ ‘ಇಲ್ಲಿ ಎತ್ತು’ ಎಂದು ಬಾಣದ ಗುರುತು ಇತ್ತು. ಅವ್ವನ ಟ್ರಂಕಿನ ಮೇಲೆ ‘ಅಧಿಕೃತ ವ್ಯಕ್ತಿಗಳಿಗೆ ಮಾತ್ರ’ ಎಂದು ಬರೆದ ದಿನ ಅವ್ವ, “ಹಂಗಾರ ನೀವ್ಯಾಕ ಮುಟ್ಟಾಕತ್ತೀರಿ?” ಎಂದು ಅವನ ಕೈಯಿಂದ ಬೀಗದ ಕೈ ಕಸಿದುಕೊಂಡಳು. ಇವತ್ತಿಗೂ ಅದು ಅವಳ ಸೆರಗಿನಲ್ಲೇ ಇದೆ.

ಹೀಗಿರುವಾಗ ಆ ಕಾರ್ಖಾನೆಗೆ ಮೇಲಿನಿಂದ ಒಂದು ಅಪ್ಪಣೆ ಬಂತು. ಒಂದು ಸಣ್ಣ ಪ್ರಯಾಣಿಕರ ವಿಮಾನ ಮಾಡಿ, ಹದಿನೆಂಟು ಸೀಟಿನದು, ಹೈದರಾಬಾದಿನಿಂದ ರಾಯಚೂರು, ಬಳ್ಳಾರಿ ಕಡೆ ಹಾರಾಡಲಿ. ಕಾರ್ಖಾನೆಗೆ ಕಾರ್ಖಾನೆಯೇ ಗಾಬರಿಯಾಯಿತು. ಅಲ್ಲಿಯವರೆಗೆ ಅವರು ಯಾರ ಮೇಲಾದರೂ ಏನನ್ನಾದರೂ ಹಾಕುವ ವಿಮಾನಗಳನ್ನೇ ಮಾಡಿದ್ದರು. ಟಿಕೀಟು ತೆಗೆದುಕೊಂಡು ಹತ್ತಿ, ಏನೂ ಕೆಲಸ ಮಾಡದೆ ಕೂತು, ಇಳಿದು ಹೋಗುವ ಮನುಷ್ಯನನ್ನು ಅವರು ಕಂಡಿರಲೇ ಇಲ್ಲ. ನಕ್ಷೆಯಲ್ಲಿ ಅವನಿಗೆ ಏನೆಂದು ಹೆಸರಿಡಬೇಕೆಂದು ತಿಳಿಯದೆ ‘ಲೋಡು’ ಎಂದು ಬರೆದಿದ್ದರಂತೆ. ಲೋಡಿಗೆ ಕಿಟಕಿ ಬೇಕೋ ಬೇಡವೋ ಎಂದು ಒಂದು ಇಡೀ ದಿನ ಮೀಟಿಂಗು. ಗುರಿ ಇಡುವವನಲ್ಲ ಅಂದಮೇಲೆ ಹೊರಗೆ ನೋಡಿ ಮಾಡುವುದೇನು ಎಂದು ಒಬ್ಬರು ಕೇಳಿದರಂತೆ. ಲೋಡಿಗೆ ಪ್ಯಾರಾಶೂಟ್ ಕೊಡಬೇಕೆ ಎಂಬ ಚರ್ಚೆ ಮೂರು ವಾರ ನಡೆದು, ಕೊನೆಗೆ ಪೆಪ್ಪರಮಿಂಟು ಕೊಟ್ಟರೆ ಸಾಕು ಎಂದು ತೀರ್ಮಾನವಾಯಿತು.

ಬಣ್ಣ ಬಳಿಯುವ ಹೊತ್ತಿಗೆ ಅಪ್ಪನ ಕೈಗೆ ಬಂದದ್ದು ಎಂದಿನ ಹಸಿರು, ಕಂದು ಡಬ್ಬಿಗಳೇ. ಕಾಡಿನಲ್ಲಿ ನಿಲ್ಲಿಸಿದರೆ ಯಾರಿಗೂ ಕಾಣಬಾರದು, ಹಾಗೆ ಬಳಿದು ಮುಗಿಸಿದರು. ಆಮೇಲೆ ಯಾರಿಗೋ ಹೊಳೆಯಿತು, ಟಿಕೀಟು ತೆಗೆದುಕೊಂಡವರಿಗೆ ವಿಮಾನ ಕಾಣಬೇಕಲ್ಲ! ಎಲ್ಲ ಕೆರೆದು ಮತ್ತೆ ಬಿಳಿ ಬಳಿದರು. ಸಂಡಾಸದ ನೆನಪು ಕೊನೆಯವರೆಗೂ ಯಾರಿಗೂ ಬರಲಿಲ್ಲ. ಆ ವಿಮಾನದ ಬಾಗಿಲು ಈಗ ಎಲ್ಲಿದೆ ನೋಡಿ.

ಆ ಬಾಗಿಲಿಗೆ ಮೂರು ಭಾಷೆಯಲ್ಲಿ ಬರೆಯಬೇಕಿತ್ತು. ಇಂಗ್ಲಿಷ್, ಹಿಂದಿ ನಕ್ಷೆಯಲ್ಲೇ ಇದ್ದವು. ಮೂರನೆಯ ಸಾಲಿನಲ್ಲಿ ‘ಆ ಕಡೆಯ ಭಾಷೆ’ ಎಂದಷ್ಟೇ ಇತ್ತು. ಆ ಕಡೆಯವನು ಇಡೀ ಶೆಡ್ಡಿನಲ್ಲಿ ಅಪ್ಪ ಒಬ್ಬನೇ. ಏನು ಬರೆಯಬೇಕೋ ನೀನೇ ನೋಡಿಕೋ ಎಂದು ಸಾಹೇಬರು ಬಿಟ್ಟುಬಿಟ್ಟರು. ಅಪ್ಪ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ‘ನಿರ್ಗಮನ’ ಎಂದು ಬರೆಯೋಣವೆಂದರೆ ಆ ಮಾತನ್ನು ಅವನು ಕಂಡಿದ್ದು ಪೇಪರಿನಲ್ಲಿ, ತೀರಿಕೊಂಡವರ ಫೋಟೋದ ಕೆಳಗೆ. ‘ಹೊರಗೆ ಹೋಗಿ’ ಎಂದರೆ ಬೈದು ಅಟ್ಟಿದ ಹಾಗೆ. ಹೊರಟು ನಿಂತವರಿಗೆ ಬರೀ ‘ಹೋಗಿ’ ಎಂದು ನಮ್ಮಲ್ಲಿ ಯಾರಾದರೂ ಅನ್ನುತ್ತಾರೆಯೆ? ಹೊರಡುವವರೂ ಬರ್ತೀನಿ ಅನ್ನಬೇಕು, ಕಳಿಸುವವರೂ ಹೋಗಿ ಬಾ ಅನ್ನಬೇಕು. ಅದರಲ್ಲೂ ಬೆಂಕಿಯೋ ಹೊಗೆಯೋ ಎದ್ದು ಜೀವ ಕೈಯಲ್ಲಿ ಹಿಡಿದು ಓಡುವವರಿಗೆ ಅಪಶಕುನದ ಮಾತು ಹೇಳಬೇಕೆ? ನಾಲ್ಕನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಹೋಗಿ, ‘ಹೋಗಿ ಬರ್ರಿ’ ಎಂದು ಬರೆದು ಬಂದ. ಜನ್ಮದಲ್ಲಿ ಮೊದಲ ಸಲ ವಿಮಾನದ ಮೇಲೆ ‘ರಿ’ ಬರೆದಿದ್ದ. ಅವತ್ತು ಮನೆಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ.

ಮರುದಿನವೇ ತಕರಾರು ಎದ್ದಿತು. ತೆಲುಗಿನ ಇನ್ಸ್‌ಪೆಕ್ಟರ್ ಒಬ್ಬರು ಬಾಗಿಲ ಮುಂದೆ ನಿಂತು ಅಕ್ಷರ ಕೂಡಿಸಿ ಕೂಡಿಸಿ ಓದಿ, “ಏಮಯ್ಯಾ ಶರಣಪ್ಪಾ, ತಲುಪು ಮೀದ ಬರ್ರೆ ಎಂದುಕು?” ಎಂದರಂತೆ. ಬರ್ರೆ ಎಂದರೆ ಇಲ್ಲಿಯ ತೆಲುಗಿನಲ್ಲಿ ಎಮ್ಮೆ. ಬಾಗಿಲ ಮೇಲೆ ಎಮ್ಮೆ ಯಾಕೆ ಎಂಬ ಪ್ರಶ್ನೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ, ಇದು ಎಮ್ಮೆಯಲ್ಲ ಮರ್ಯಾದೆ ಎಂದು ಅಪ್ಪ ಬರೆದುಕೊಟ್ಟ ಮೇಲೆ ಮುಗಿಯಿತು.

ಇನ್ನು ನನ್ನ ಪಾತ್ರಕ್ಕೆ ಬರುತ್ತೇನೆ. ಬರಲೇಬೇಕಲ್ಲ, ಎಷ್ಟಂತ ತಪ್ಪಿಸಿಕೊಳ್ಳಲಿ.

ಹಾರುವ ಮೊದಲು ಒಂದು ಪರೀಕ್ಷೆ ಇತ್ತು. ನೆಲದ ಮೇಲೆ ನಿಂತ ವಿಮಾನದಲ್ಲಿ ಹದಿನೆಂಟು ಮಂದಿಯನ್ನು ಕೂಡಿಸಿ, ಸೀಟಿ ಊದಿದ ಕೂಡಲೇ ಎಲ್ಲರೂ ತುರ್ತು ಬಾಗಿಲಿನಿಂದ ಹೊರಬೀಳಬೇಕು. ನಿಜವಾದ ಪ್ರಯಾಣಿಕರಲ್ಲಿ ಹೆಂಗಸರು ಮಕ್ಕಳೂ ಇರುತ್ತಾರೆಂದು ಕೆಲಸಗಾರರ ಮನೆಯವರನ್ನೇ ಕರೆಸಿದರು. ಅವ್ವ ಇಳಕಲ್ ಸೀರೆ ಉಟ್ಟಳು. ಮಂದಿ ಸಾಲದೆಂದು ಜೊತೆಗೆ ಕರೆದೊಯ್ದ ಪಕ್ಕದ ಮನೆಯ ಗಂಗಮ್ಮತ್ತಿ ಬುತ್ತಿ ಕಟ್ಟಿಕೊಂಡಳು, ವಿಮಾನ ಎಲ್ಲಿಗೂ ಹೋಗುವುದಿಲ್ಲ ಎಂದರೆ, “ಕುಂದ್ರೂದಂತೂ ಐತೆಲ್ಲ, ಹಸಿವಿ ಆಗಂಗಿಲ್ಲೇನು?” ಎಂದಳು. ನನಗೆ ಏಳು ವರ್ಷ. ನೀಲಿ ಪಟ್ಟಿಯ ಹೊಸ ಚಪ್ಪಲಿ ಕೊಡಿಸಿದ್ದರು. ಬೆಳಿಗ್ಗೆ ಅಪ್ಪ ಎಲ್ಲರನ್ನೂ ಬಾಗಿಲ ಹತ್ತಿರ ಕರೆದೊಯ್ದು, ಇದು ನಾನೇ ಬರೆದದ್ದು, ಹೋಗಿ ಬರ್ರಿ ಅಂತ ಐತಿ ಎಂದು ಬೆರಳಿಟ್ಟು ತೋರಿಸಿದ.

ಸೀಟಿ ಊದಿದರು. ಬಾಗಿಲು ಹೊರಕ್ಕೆ ತೆರೆದು ವಿಮಾನದ ಮೈಗೆ ಅಂಟಿಕೊಂಡಿತು. ಒಬ್ಬೊಬ್ಬರೇ ಕೆಳಗೆ ಹಾಸಿದ್ದ ಗಾದಿಯ ಮೇಲೆ ಹಾರಿದರು. ಅವ್ವ ಮಾತ್ರ ಬಾಗಿಲಲ್ಲಿ ನಿಂತು, ಹಿಂದಿದ್ದ ಪೈಲಟ್ ಸಾಹೇಬರ ಕಡೆ ತಿರುಗಿ, “ಬರ್ತೀವ್ರಿ” ಎಂದು ಹೇಳಿಯೇ ಹಾರಿದಳು. ನಾನೂ ಹಾರಿದೆ. ಕೆಳಗೆ ಬಂದು ನೋಡಿದರೆ ಬಲಗಾಲಿನ ಚಪ್ಪಲಿ ಇಲ್ಲ. ಒಳಗೇ ಉಳಿದಿತ್ತು. ಪಕ್ಕದಲ್ಲೇ ಅಪ್ಪನ ಪೇಂಟಿನ ಏಣಿ ಇತ್ತು. ಹತ್ತಿ ವಾಪಸು ಒಳಗೆ ಹೋದೆ.

ನಾನು ಹೋದದ್ದನ್ನು ಗಂಗಮ್ಮತ್ತಿ ನೋಡಿದಳು. ಒಳಗೆ ಏನೋ ಕೊಡುತ್ತಿರಬೇಕು ಅನ್ನಿಸಿತೋ ಏನೋ, ಅವಳೂ ಏಣಿ ಹತ್ತಿದಳು. ಅವಳ ಹಿಂದೆ ಇನ್ನೊಬ್ಬರು. ಐದು ನಿಮಿಷದಲ್ಲಿ ಒಂದು ಸಾಲು ಬಾಗಿಲಿನಿಂದ ಹಾರುತ್ತಿದೆ, ಇನ್ನೊಂದು ಸಾಲು ಏಣಿಯಿಂದ ಹತ್ತುತ್ತಿದೆ. ಕೆಳಗೆ ಒಬ್ಬರು ಹೊರಬಿದ್ದವರನ್ನು ಎಣಿಸುತ್ತಲೇ ಇದ್ದಾರೆ. ಹದಿನೆಂಟು ಮಂದಿ ಕೂತ ವಿಮಾನದಿಂದ ಇಪ್ಪತ್ತೇಳು ಮಂದಿ ಇಳಿದಿದ್ದರು, ಒಳಗೆ ಇನ್ನೂ ನಾಲ್ವರಿದ್ದರು. ನಾನೀಗ ಮೆಹದಿಪಟ್ಟಣಂನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಈ ಲೆಕ್ಕವನ್ನು ಯಾವ ಪರೀಕ್ಷೆಗೂ ಕೊಡುವ ಧೈರ್ಯ ಇವತ್ತಿಗೂ ಬಂದಿಲ್ಲ.

ದೊಡ್ಡ ಸಾಹೇಬರು ಕೆಂಡಾಮಂಡಲವಾಗಿ ಬಂದು ಮೊದಲು ಸಿಕ್ಕ ಗಂಗಮ್ಮತ್ತಿಯನ್ನು ಹಿಡಿದು ನಿಲ್ಲಿಸಿದರು. ಯಾಕೆ ವಾಪಸು ಹೋದೆ ಎಂದು ಗದರಿದರು. ಅವಳು ಒಂದು ಕ್ಷಣವೂ ತಡಬಡಾಯಿಸಲಿಲ್ಲ. ಬಾಗಿಲ ಕಡೆ ಕೈ ಮಾಡಿ, “ಅಲ್ಲೇ ಬರದೈತೆಲ್ರಿ ಸಾಹೇಬ್ರ, ಹೋಗಿ ಬರ್ರಿ ಅಂತ. ಹೋದ್ವಿ, ಬಂದ್ವಿ” ಎಂದಳು.

ಎಲ್ಲರೂ ತಿರುಗಿ ಅಪ್ಪನನ್ನು ನೋಡಿದರು. ನಾನು ಎರಡೂ ಚಪ್ಪಲಿ ಹಾಕಿಕೊಂಡು ಅವ್ವನ ಸೀರೆಯ ಹಿಂದೆ ನಿಂತಿದ್ದೆ.

ಕೆಲವು ತಿಂಗಳಾದ ಮೇಲೆ ಆ ವಿಮಾನದ ಕೆಲಸ ನಿಂತೇಹೋಯಿತು. ಯಾಕೆ ನಿಂತಿತೆಂದು ಪೇಂಟರಿಗೆ ಯಾರು ಹೇಳುತ್ತಾರೆ? ಅಪ್ಪ ತಾನೇ ತೀರ್ಮಾನ ಮಾಡಿಕೊಂಡ, ತಾನು ಬರೆದ ಎರಡು ಮಾತಿನಿಂದ ವಿಮಾನ ಮುಳುಗಿತು ಎಂದು. ಶೆಡ್ಡಿನಲ್ಲಿ ಅವನನ್ನು ‘ಹೋಗಿಬರ್ರಿ’ ಎಂದೇ ಕರೆಯತೊಡಗಿದರು. ವಿಮಾನವನ್ನು ಮೂಲೆಗೆ ತಳ್ಳಿ, ಕೈಗೆ ಬಂದದ್ದನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಿದಾಗ, ತನ್ನ ತಪ್ಪು ಬೇರೆಯವರ ಮನೆಯಲ್ಲಿ ಇರಬಾರದೆಂದು ಬಾಗಿಲನ್ನು ರಿಕ್ಷಾದಲ್ಲಿ ಹೇರಿಕೊಂಡು ಮನೆಗೆ ತಂದ. ಅವತ್ತು ಬಚ್ಚಲಿಗೆ ತಗಡು ಅಡ್ಡ ಇತ್ತು. ಅವ್ವ ಗೌಂಡಿಯನ್ನು ಕರೆಸಿ, ಬಾಗಿಲಿಗೆ ತಕ್ಕ ಹಾಗೆ ಬಚ್ಚಲನ್ನೇ ಕುಗ್ಗಿಸಿಬಿಟ್ಟಳು.

ನಾನು ಯಾಕೆ ಬಾಯಿ ಬಿಡಲಿಲ್ಲ ಅಂತೀರಾ? ಏಳು ವರ್ಷಕ್ಕೆ ಹೊಡೆತದ ಹೆದರಿಕೆ. ಹದಿನೇಳಕ್ಕೆ ನಾಚಿಕೆ. ಆಮೇಲೆ ತಡವಾಯಿತು, ಆಮೇಲೆ ಇನ್ನೂ ತಡವಾಯಿತು. ಪ್ರತಿ ಸೋಮವಾರ ಶಾಲೆಯ ಪ್ರಾರ್ಥನೆಯಲ್ಲಿ ತಪ್ಪು ಮಾಡಿದರೆ ಕೈ ಎತ್ತಿ ಒಪ್ಪಿಕೊಳ್ಳಬೇಕು ಮಕ್ಕಳೇ ಎಂದು ಭಾಷಣ ಬಿಗಿಯುವ ನಾನು, ಪ್ರತಿ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಆ ಬಾಗಿಲಿಗೆ ಮಾತ್ರ ಮುಖ ಕೊಡುತ್ತಿರಲಿಲ್ಲ. ಹಾಗಾಗಿ ಹೆಚ್ಚು ಸಲ ಹಣೆ ಬಡಿಸಿಕೊಂಡವಳೂ ನಾನೇ.

ಹೋದ ತಿಂಗಳು ಒಂದು ಭಾನುವಾರ ಮನೆಗೆ ಒಬ್ಬ ಹುಡುಗಿ ಬಂದಳು. ಹೆಸರು ರಚನಾ, ಮೈಸೂರು ಕಡೆಯವಳು, ಹಳೆಯ ವಿಮಾನಗಳ ಒಂದು ಸಂಗ್ರಹಾಲಯದ ಅಧಿಕಾರಿ. ಮೂಲೆಯಲ್ಲಿ ಬಿದ್ದಿದ್ದ ಆ ವಿಮಾನವನ್ನು ದುರಸ್ತಿ ಮಾಡಿ ಪ್ರದರ್ಶನಕ್ಕೆ ಇಡುತ್ತಾರಂತೆ. ಎಲ್ಲ ಸಿಕ್ಕಿದೆ, ತುರ್ತು ಬಾಗಿಲೊಂದು ಇಲ್ಲ. ಹುಡುಕುತ್ತ ಹುಡುಕುತ್ತ ನಮ್ಮ ಬಚ್ಚಲಿಗೆ ಬಂದಿದ್ದಾಳೆ. ಬಾಗಿಲನ್ನು ಕಂಡು ಅವಳ ಕಣ್ಣಲ್ಲಿ ನೀರು ಬಂತು. ಒಳಗೆ ಅವ್ವ ಸ್ನಾನ ಮಾಡುತ್ತಿದ್ದಳು, “ಯಾರಬೇ ಅದು, ಬಚ್ಚಲದ ಮುಂದ ಅಳಾಕತ್ತಾರ?” ಎಂದು ಕೂಗಿದಳು.

ಬಾಗಿಲು ಕೊಡಲು ಅಪ್ಪ ತಕ್ಷಣ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ.

“ಪಕ್ಕದಾಗ ಬೋರ್ಡ್ ಹಾಕ್ತೀರಿಲ್ರಿ? ಅದರಾಗ ನಾ ಹೇಳಿದ್ದು ಬರೀಬೇಕು.”

“ಖಂಡಿತ ಬರೀತೀವಿ ಸರ್. ನಿಮ್ಮ ಹೆಸರು ಇದ್ದೇ ಇರುತ್ತೆ.”

“ಹೆಸರಷ್ಟ ಅಲ್ಲ. ಈ ಬರಹದಿಂದ ಮಂದಿ ಹೊಳ್ಳಿ ಒಳಗ ಹೋದ್ರು, ಪರೀಕ್ಷೆ ಫೇಲಾತು, ವಿಮಾನ ನಿಂತು ಹೋತು. ತಪ್ಪು ಪೇಂಟರ್ ಶರಣಪ್ಪಂದು. ಮೂರೂ ಭಾಷಾದಾಗ ಹಾಕ್ರಿ.”

ರಚನಾ ಗಾಬರಿಯಾದಳು. “ಸರ್, ನಾನು ಫೈಲ್ ಪೂರ್ತಿ ಓದಿದ್ದೀನಿ. ವಿಮಾನ ತುಂಬಾ ಭಾರ ಆಯ್ತು, ಯಾರೂ ಕೊಳ್ಳೋಕೆ ಮುಂದೆ ಬರಲಿಲ್ಲ, ಅದಕ್ಕೇ ನಿಲ್ಲಿಸಿದ್ರು. ನಿಮ್ಮ ಬರಹದ ವಿಷಯ ಎಲ್ಲೂ ಇಲ್ಲ.”

“ಫೈಲಿನ್ಯಾಗ ಎಲ್ಲಾ ಬರೀತಾರೇನ್ ತಂಗಿ? ಸಾಹೇಬ್ರು ಭಾಳ ಒಳ್ಳೇವ್ರು, ಬಡವನ ಹೆಸರು ಬ್ಯಾಡ ಅಂತ ಬಿಟ್ಟಾರ. ನೀವು ಬರೀರಿ. ನಾ ಹೋಗೂದ್ರಾಗ ಇದೊಂದು ಮುಗೀಲಿ.”

ಅವಳು ನನ್ನ ಮುಖ ನೋಡಿದಳು. ಅಪ್ಪ ಬಹಳ ಗಟ್ಟಿ ಮನುಷ್ಯ, ಹಿಡಿದದ್ದನ್ನು ಬಿಡುವವನಲ್ಲ. ಅವಳು ಪೆನ್ನು ತೆಗೆದೇಬಿಟ್ಟಳು. ನನ್ನ ಕಣ್ಣಿಗೆ ಆ ಬೋರ್ಡು ಕಂಡಿತು. ಶಾಲೆಯ ಮಕ್ಕಳು ಸಾಲಾಗಿ ಬರುತ್ತಾರೆ, ಓದುತ್ತಾರೆ, ನಗುತ್ತಾರೆ. ತಪ್ಪು ಶರಣಪ್ಪನದು. ನಾನು ಸತ್ತ ಮೇಲೂ ಅದು ಅಲ್ಲೇ ಇರುತ್ತದೆ.

“ಅಪ್ಪಾ, ತಪ್ಪು ನಿಂದಲ್ಲ. ನಂದು” ಎಂದೆ.

ಹೇಳಿದೆ. ಚಪ್ಪಲಿ, ಏಣಿ, ಎಲ್ಲ. “ಮೊದಲು ಹೊಳ್ಳಿ ಹೋದಾಕಿ ನಾನು. ಗಂಗಮ್ಮತ್ತಿ ನನ್ನ ನೋಡಿ ಬಂದ್ಲು. ಉಳಿದೋರು ಅಕಿನ್ನ ನೋಡಿ ಬಂದ್ರು. ಸಾಹೇಬ್ರು ಹಿಡದು ಕೇಳಿದಾಗ ಅತ್ತಿ ನೆಪಾ ಹೇಳಿದ್ಲು ಅಷ್ಟ. ಅಕಿಗೆ ಓದಾಕ ಎಲ್ಲಿ ಬರ್ತಿತ್ತು? ನಿನ್ನ ಅಕ್ಷರದಿಂದ ಏನೂ ಆಗಿಲ್ಲಪಾ.”

ಇಷ್ಟು ವರ್ಷದ ಭಾರ ಇಳಿದು ಅಪ್ಪನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಬೈಯಬಹುದು, ಎದ್ದು ಬಂದು ಒಂದು ಬಾರಿಸಬಹುದು ಎಂದೂ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಅವನ ಮುಖ ಬಾಡಿತು. ಕುರ್ಚಿಯಲ್ಲಿ ಇದ್ದಕ್ಕಿದ್ದ ಹಾಗೆ ಸಣ್ಣವನಾಗಿ ಕಂಡ. ಮೆಲ್ಲಗೆ ಕೇಳಿದ.

“ಹಂಗಾರ… ಯಾರೂ ಓದ್ಲೇ ಇಲ್ಲೇನು?”

ಅಯ್ಯೋ ದೇವರೇ ಅನ್ನಿಸಿತು. ಅಪ್ಪ ಇಷ್ಟು ವರ್ಷ ತಪ್ಪನ್ನಷ್ಟೇ ಇಟ್ಟುಕೊಂಡಿರಲಿಲ್ಲ. ಮುಟ್ಟಬೇಡ, ಕಾಲಿಡಬೇಡ ಎಂದು ಜೀವಮಾನವಿಡೀ ಬರೆದವನು ಒಂದೇ ಒಂದು ಸಲ ಮನಸ್ಸಿನಿಂದ ಎರಡು ಒಳ್ಳೆಯ ಮಾತು ಬರೆದಿದ್ದ. ಮಂದಿ ಅದನ್ನು ಓದಿದರು, ಓದಿ ಹಾಗೇ ಮಾಡಿದರು ಎಂದು ಒಳಗೊಳಗೇ ಅದನ್ನೂ ಇಟ್ಟುಕೊಂಡಿದ್ದ. ಅದನ್ನೇ ನಾನು ಒಂದು ಮಾತಿನಲ್ಲಿ ಕಿತ್ತುಕೊಂಡಿದ್ದೆ. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಚಪ್ಪಲಿ ಈಗ ಕೈಗೆ ಸಿಕ್ಕಿದ್ದರೆ ನನಗೆ ನಾನೇ ಹೊಡೆದುಕೊಳ್ಳುತ್ತಿದ್ದೆ.

“ನಾ ಓದಿದ್ದೆ ಅಪ್ಪಾ” ಎಂದೆ.

“ನೀ?”

“ಹೂಂ. ಚಪ್ಲಿ ಒಳಗ ಉಳೀತಂತ ಅಳಕೋತ ನಿಂತಿದ್ದೆ. ಹೋಗಾಕ ಅಂಜಿಕಿ ಬಂದಿತ್ತು. ಮ್ಯಾಲೆ ನೋಡಿದ್ರ ಬಾಗಿಲದಾಗ ಹೋಗಿ ಬರ್ರಿ ಅಂತ ಇತ್ತು. ಓದಿದೆ. ಧೈರ್ಯ ಬಂತು, ಹೋದೆ.”

ಅಪ್ಪ ನನ್ನ ಮುಖ ನೋಡಿದ. ರಚನಾ ಪೆನ್ನು ಹಿಡಿದು ಕೂತೇ ಇದ್ದಳು. ಅವ್ವ ಒಳಗಿನಿಂದ ಟವೆಲ್ ಕೇಳುತ್ತಿದ್ದಳು, ಯಾರೂ ಏಳಲಿಲ್ಲ. ಆಮೇಲೆ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಅವಳ ಕಡೆ ತಿರುಗಿದ.

“ಆ ತಪ್ಪಿಂದು ಹೊಡದು ಹಾಕ್ರಿ ತಂಗಿ. ಹಿಂಗ ಬರಕೋರಿ. ಈ ಅಕ್ಷರಾ ಪೇಂಟರ್ ಶರಣಪ್ಪ ಬರದಾನ. ಒಂದು ಸಣ್ಣ ಹುಡುಗಿ ಅದನ್ನ ಓದಿದ್ಲು.”

ನಾನು ಆಗ ಎರಡನೇ ತರಗತಿ. ಇಂಗ್ಲಿಷ್ ಶಾಲೆ, ಜೊತೆಗೆ ಹಿಂದಿ. ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಅದರ ಮರುವರ್ಷ ಬೇಸಿಗೆ ರಜೆಯಲ್ಲಿ ನನ್ನ ಕೈ ಹಿಡಿದು ಅ ಆ ಇ ಈ ತಿದ್ದಿಸಿದವನು ಅಪ್ಪನೇ.